ಶಾರ್ಟ್: ಚೋಟುದ್ದದ ಇಂಗ್ಲಿಷ್ ಪದವನ್ನು ತಪ್ಪಿಲ್ಲದೆ ಬಳಸಲು ಸಮಗ್ರ ಮಾರ್ಗದರ್ಶಿ

ಶಿರಸಿಯ ಅಡಿಕೆ ಅಂಗಳದಲ್ಲಿ ಲಾರಿ ಇಳಿಸಿದವರು ‘ಮೂರು ಚೀಲ ಶಾರ್ಟ್ ಬಂತು’ ಎನ್ನುತ್ತಾರೆ. ಕುಮಟಾದಲ್ಲಿ ವೈರಿಂಗ್ ನೋಡಲು ಬಂದವನು ‘ಮೀಟರ್ ಬೋರ್ಡಿನಲ್ಲೇ ಶಾರ್ಟ್ ಆಗಿದೆ’ ಎನ್ನುತ್ತಾನೆ. ಕಾರವಾರದ ಬಸ್ಸಿನಲ್ಲಿ ಕಂಡಕ್ಟರ್ ‘ಚಿಲ್ಲರೆ ಶಾರ್ಟ್’ ಎಂದು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ. ಕನ್ನಡದೊಳಗೆ ಈ ಪದ ಎಲ್ಲೂ ಎಡವುವುದಿಲ್ಲ. ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಮಾತ್ರ ‘ತ್ರೀ ಬ್ಯಾಗ್ಸ್ ಕೇಮ್ ಶಾರ್ಟ್’, ‘ಕರೆಂಟ್ ಬಿಕೇಮ್ ಶಾರ್ಟ್’, ‘ಹಿಸ್ ಹೈಟ್ ಈಸ್ ಶಾರ್ಟ್’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಮೂರೂ ತಪ್ಪು, ಮೂರಕ್ಕೂ ಕಾರಣ ಬೇರೆ ಬೇರೆ.

ನಿಘಂಟಿನಲ್ಲಿ ಈ ಪದಕ್ಕೆ ಗಿಡ್ಡ, ಕಿರಿದು, ಅಲ್ಪ, ಸಂಕ್ಷಿಪ್ತ, ಕಡಿಮೆ, ಸಿಡುಕಿನ ಎಂದು ಸಾಲಾಗಿ ಕೊಟ್ಟಿರುತ್ತಾರೆ. ಆ ಸಾಲನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಅದರ ಬೆನ್ನೆಲುಬು ಒಂದೇ: ಎಲ್ಲಿಗೆ ಮುಟ್ಟಬೇಕಿತ್ತೋ ಅಲ್ಲಿಗೆ ಮುಟ್ಟುವ ಮೊದಲೇ ಮುಗಿದದ್ದು. ನಮ್ಮ ‘ಮೋಟು’ ಪದಕ್ಕೆ ಇದು ತೀರಾ ಹತ್ತಿರ. ಮೂಲದಲ್ಲೂ ಇದು ಕತ್ತರಿಸುವುದಕ್ಕೆ ಸಂಬಂಧಿಸಿದ ಪದ. ಶರ್ಟ್ ಮತ್ತು ಸ್ಕರ್ಟ್ ಎರಡೂ ಇದರ ದಾಯಾದಿಗಳೇ. ‘ಚಿಕ್ಕದು’ ಎಂಬ ಅರ್ಥ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ‘ಗುರುತಿಗೆ ಮುಟ್ಟಲಿಲ್ಲ’ ಎಂಬ ಅರ್ಥ ಹಿಡಿದರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಂತ 1: ಏನನ್ನು ಅಳೆಯುತ್ತಿದ್ದೀರಿ ಎಂದು ಮೊದಲು ನೋಡಿ

ಎತ್ತರವೇ, ಉದ್ದವೇ, ಹೊತ್ತೇ, ಮಾತೇ, ಲೆಕ್ಕವೇ? ಇದು ತೀರ್ಮಾನವಾಗದೆ ವಾಕ್ಯ ಶುರು ಮಾಡಬೇಡಿ.

ಎತ್ತರ ಅಳೆಯುವಾಗ ಇದರ ವಿರುದ್ಧ ಪದ ಟಾಲ್. ಉದ್ದ ಮತ್ತು ಹೊತ್ತು ಅಳೆಯುವಾಗ ಲಾಂಗ್. ಕುಳ್ಳಗಿನ ಮನುಷ್ಯ ಶಾರ್ಟ್, ಗಿಡ್ಡ ಜಾತಿಯ ತೆಂಗಿನ ಮರವನ್ನೂ ಶಾರ್ಟ್ ಎನ್ನಬಹುದು. ಆದರೆ ತೋಟದ ಪಾಗಾರ ಗಿಡ್ಡವಾಗಿದ್ದರೆ ಅದು ಲೋ, ಶಾರ್ಟ್ ಅಲ್ಲ. ಗುಡ್ಡ, ಮೇಜು, ಮನೆಯ ಮಾಡು ಇವೂ ಲೋ. ಗೋಡೆಗೆ ಶಾರ್ಟ್ ಎಂದರೆ ಅದರ ಉದ್ದ ಕಡಿಮೆ ಎಂದು ಕೇಳುಗ ತಿಳಿಯುತ್ತಾನೆ.

‘ಹಿಸ್ ಹೈಟ್ ಈಸ್ ಶಾರ್ಟ್’ ಏಕೆ ತಪ್ಪು? ಕನ್ನಡದಲ್ಲಿ ‘ಅವನ ಎತ್ತರ ಕಡಿಮೆ’ ಎನ್ನುತ್ತೇವೆ. ಅಲ್ಲಿ ಕಡಿಮೆ ಇರುವುದು ಅಳತೆ. ಇಂಗ್ಲಿಷಿನಲ್ಲಿ ಶಾರ್ಟ್ ಆಗುವುದು ಆಳು, ಅಳತೆ ಅಲ್ಲ. ‘ಹಿ ಈಸ್ ಶಾರ್ಟ್’ ಎಂದರೆ ಮುಗಿಯಿತು. ಹೈಟ್ ಎಂಬ ಪದವೇ ಬೇಡ.

ಇನ್ನೊಂದು ತೊಡಕು ನಮ್ಮ ‘ಸಣ್ಣ’ ಎಂಬ ಪದದಿಂದ ಬರುತ್ತದೆ. ಸಣ್ಣ ಕಲ್ಲು, ಸಣ್ಣ ಕಥೆ, ಸಣ್ಣ ರಜೆ ಎಲ್ಲಕ್ಕೂ ನಮಗೆ ಒಂದೇ ಪದ. ಇಂಗ್ಲಿಷ್ ಇದನ್ನು ಸೀಳುತ್ತದೆ. ಕಲ್ಲು ಎಲ್ಲ ಕಡೆಯಿಂದಲೂ ಚಿಕ್ಕದು, ಆದ್ದರಿಂದ ಸ್ಮಾಲ್. ಕಥೆ, ರಜೆ, ದಾರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವಂಥವು, ಆದ್ದರಿಂದ ಶಾರ್ಟ್. ‘ಇದಕ್ಕೆ ತುದಿ ಇದೆಯೇ?’ ಎಂದು ಕೇಳಿಕೊಳ್ಳಿ. ತುದಿ ಇದ್ದರೆ ಶಾರ್ಟ್, ಗಾತ್ರ ಮಾತ್ರ ಇದ್ದರೆ ಸ್ಮಾಲ್. ಪರೀಕ್ಷೆಯಲ್ಲಿ ‘ರೈಟ್ ಶಾರ್ಟ್ ನೋಟ್ಸ್’ ಎಂದೇ ಕೇಳುತ್ತಾರೆ, ‘ಸ್ಮಾಲ್ ನೋಟ್ಸ್’ ಎಂದಲ್ಲ.

ಹೊತ್ತಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ‘ನಮಗೆ ಸಮಯ ಕಡಿಮೆ ಇದೆ’ ಎನ್ನಲು ‘ವಿ ಹ್ಯಾವ್ ಶಾರ್ಟ್ ಟೈಮ್’ ಸಲ್ಲದು. ‘ವಿ ಹ್ಯಾವ್ ಲಿಟಲ್ ಟೈಮ್’, ‘ಟೈಮ್ ಈಸ್ ಶಾರ್ಟ್’, ‘ವಿ ಆರ್ ಶಾರ್ಟ್ ಆಫ್ ಟೈಮ್’ ಈ ಮೂರರಲ್ಲಿ ಯಾವುದಾದರೂ ಸರಿ.

ಹಂತ 2: ಲೆಕ್ಕದ ಶಾರ್ಟ್

ದಿನದ ವ್ಯವಹಾರದಲ್ಲಿ ಹೆಚ್ಚು ಬೇಕಾಗುವುದು ಇದು, ಹೆಚ್ಚು ಕೆಡುವುದೂ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಚಲನ್ನಿನಲ್ಲಿ 120 ಚೀಲ ಅಡಿಕೆ, ಪ್ರತಿ ಚೀಲ 65 ಕಿಲೋ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಲಾರಿಯಿಂದ ಇಳಿದದ್ದು 117 ಚೀಲ. ಆ 117 ಚೀಲ 7,605 ಕಿಲೋ ತೂಗಬೇಕು, ಕಾಟಾ ತೋರಿಸಿದ್ದು 7,590. ಕನ್ನಡದಲ್ಲಿ ‘ಚೀಲವೂ ಶಾರ್ಟ್, ತೂಕವೂ ಶಾರ್ಟ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷ್ ಪತ್ರದಲ್ಲಿ ಇವನ್ನು ಎರಡು ದೂರುಗಳಾಗಿ ಬೇರ್ಪಡಿಸಬೇಕು. ಚೀಲಗಳೇ ಬಾರದಿದ್ದದ್ದು ಶಾರ್ಟ್ ಡೆಲಿವರಿ. ಬಂದ ಚೀಲಗಳಲ್ಲಿ 15 ಕಿಲೋ ಕಡಿಮೆ ಇದ್ದದ್ದು ಶಾರ್ಟ್ ವೇಟ್. ಮೊದಲನೆಯದಕ್ಕೆ ಸಾಗಣೆಯವನು ಉತ್ತರ ಕೊಡಬೇಕಾಗಬಹುದು, ಎರಡನೆಯದಕ್ಕೆ ತುಂಬಿ ಕಳಿಸಿದವನು. ಎರಡನ್ನೂ ‘ಶಾರ್ಟೇಜ್’ ಎಂದು ಒಟ್ಟಿಗೆ ಬರೆದರೆ ಪ್ರತಿಯೊಬ್ಬನೂ ಇನ್ನೊಬ್ಬನತ್ತ ಕೈ ತೋರಿಸುತ್ತಾನೆ. ಮೂರನೆಯದೂ ಒಂದಿದೆ: ಪೂರ್ತಿ ಒಣಗದ ಮಾಲು ದಾರಿಯಲ್ಲಿ ಒಣಗಿ ತೂಕ ಇಳಿಯುವುದು. ಅದಕ್ಕೆ ವ್ಯಾಪಾರದಲ್ಲಿ ಡ್ರೈಯೇಜ್ ಎನ್ನುತ್ತಾರೆ. ಅದನ್ನು ಶಾರ್ಟ್ ವೇಟ್ ಎಂದು ಬರೆದರೆ ಮೋಸದ ಆರೋಪ ಮಾಡಿದಂತಾಗುತ್ತದೆ. ಕಾರಣ ಖಚಿತವಾಗುವ ಮೊದಲು ಆ ಪದ ಬರೆಯಬೇಡಿ.

ಈಗ ವಾಕ್ಯ ಕಟ್ಟುವ ಕ್ರಮ. ಮೊದಲು ಯಾರಿಗೆ ಅಥವಾ ಯಾವುದರಲ್ಲಿ ಕೊರತೆಯೋ ಅದು. ಆಮೇಲೆ ಎಷ್ಟು ಎಂಬ ಸಂಖ್ಯೆ. ಕೊನೆಗೆ ಶಾರ್ಟ್. ‘ದ ಕನ್‌ಸೈನ್‌ಮೆಂಟ್ ವಾಸ್ ತ್ರೀ ಬ್ಯಾಗ್ಸ್ ಶಾರ್ಟ್.’ ‘ವಿ ಆರ್ ಫಿಫ್ಟಿ ರುಪೀಸ್ ಶಾರ್ಟ್.’ ‘ವಿ ಆರ್ ಟೂ ಪ್ಲೇಯರ್ಸ್ ಶಾರ್ಟ್.’ ಸಂಖ್ಯೆ ಶಾರ್ಟ್ ಆದ ಮೇಲೆ ಬರಬೇಕಿದ್ದರೆ ಬೈ ಸೇರಿಸಿ: ‘ಶಾರ್ಟ್ ಬೈ ತ್ರೀ ಬ್ಯಾಗ್ಸ್.’ ಸಂಖ್ಯೆಯೇ ಇಲ್ಲದಿದ್ದರೆ ಆಫ್: ‘ವಿ ಆರ್ ಶಾರ್ಟ್ ಆಫ್ ಚೇಂಜ್.’ ಕನ್ನಡದಲ್ಲಿ ಶಾರ್ಟ್ ಆಗುವುದು ಚೀಲ, ಚಿಲ್ಲರೆ, ಆಳು. ಇಂಗ್ಲಿಷಿನಲ್ಲಿ ಶಾರ್ಟ್ ಆಗುವುದು ನಾವು, ಲೋಡು, ಗಲ್ಲಾ. ‘ತ್ರೀ ಬ್ಯಾಗ್ಸ್ ಕೇಮ್ ಶಾರ್ಟ್’ ಕೆಟ್ಟದ್ದು ಇದಕ್ಕೇ. ಬಾರದ ಚೀಲಗಳನ್ನು ‘ಬಂದವು’ ಎಂದು ಬರೆದಂತಾಯಿತಲ್ಲ.

ಕಾರವಾರ ಬಂದರಿನಂಥ ಕಡೆ ಕಾಗದಪತ್ರ ನೋಡುವವರಿಗೆ ಇನ್ನೂ ಎರಡು ರೂಪ ಬೇಕಾಗುತ್ತವೆ. ಹಡಗಿನ ಪಟ್ಟಿಯಲ್ಲಿದ್ದು ದಡಕ್ಕೆ ಇಳಿಯದ ಸರಕು ಶಾರ್ಟ್ ಲ್ಯಾಂಡೆಡ್. ಹೊರಟ ಬಂದರಿನಲ್ಲೇ ಹಡಗಿಗೆ ಏರದೆ ಉಳಿದದ್ದು ಶಾರ್ಟ್ ಶಿಪ್ಡ್. ‘ಶಾರ್ಟ್ ಟನ್’ ಕಂಡರೆ ಮಾತ್ರ ಅದನ್ನು ಕೊರತೆ ಎಂದು ಓದಬೇಡಿ. ಅದು ಅಮೆರಿಕದ ಅಳತೆ, 2,000 ಪೌಂಡ್, ಅಂದರೆ ಸುಮಾರು 907 ಕಿಲೋ. ಬ್ರಿಟನ್ನಿನ ಲಾಂಗ್ ಟನ್ 2,240 ಪೌಂಡ್, ಸುಮಾರು 1,016 ಕಿಲೋ. ನಮ್ಮ ಮೆಟ್ರಿಕ್ ಟನ್ 1,000 ಕಿಲೋ. ಬೆಲೆ ಯಾವ ಟನ್ನಿಗೆ ಎಂದು ಕೇಳದೆ ಲೆಕ್ಕ ಹಾಕಿದರೆ ಟನ್ನಿಗೆ 93 ಕಿಲೋ ಕೈತಪ್ಪುತ್ತದೆ.

ಶಾರ್ಟೇಜ್, ಶಾರ್ಟ್‌ಫಾಲ್, ಶಾರ್ಟ್‌ಕಮಿಂಗ್ ಇವನ್ನು ಒಂದರ ಜಾಗದಲ್ಲಿ ಒಂದು ಬಳಸುವುದೂ ಸಾಮಾನ್ಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪೇಟೆಯಲ್ಲಿ ಮೀನು ಸಿಗದಿರುವುದು ಶಾರ್ಟೇಜ್. ‘ಫಿಶ್ ಈಸ್ ಇನ್ ಶಾರ್ಟ್ ಸಪ್ಲೈ’ ಎಂದರೂ ಅದೇ. ಸಂಘವೊಂದು 10 ಲಕ್ಷ ಠೇವಣಿ ಗುರಿ ಇಟ್ಟು 8 ಲಕ್ಷ ಸಂಗ್ರಹಿಸಿದರೆ ಉಳಿದ 2 ಲಕ್ಷ ಶಾರ್ಟ್‌ಫಾಲ್. ಗುರಿ ಇದ್ದಲ್ಲಿ ಮಾತ್ರ ಈ ಪದ. ಶಾರ್ಟ್‌ಕಮಿಂಗ್ ಎಂದರೆ ಕುಂದು, ದೋಷ. ಅದು ಮನುಷ್ಯನಿಗೆ, ಯೋಜನೆಗೆ ಅಂಟುವಂಥದ್ದು, ಸಾಮಾನ್ಯವಾಗಿ ಬಹುವಚನದಲ್ಲಿ ಬರುತ್ತದೆ. ‘ಹಣದ ಶಾರ್ಟ್‌ಕಮಿಂಗ್’ ಎಂದು ವರದಿಯಲ್ಲಿ ಬರೆದರೆ ಹಣಕ್ಕೇ ದುರ್ಗುಣವಿದೆ ಎಂದಂತಾಗುತ್ತದೆ.

ಹಂತ 3: ಶಾರ್ಟ್ ಆದ ಮೇಲೆ ಬರುವ ಪುಟ್ಟ ಪದ ನೋಡಿ

ಶಾರ್ಟ್ ಆಫ್ ಎಂದರೆ ಕೊರತೆ ಎಂದು ನೋಡಿದೆವು. ದೂರಕ್ಕೂ ಅದೇ ನಡೆಯುತ್ತದೆ. ‘ದ ಬಸ್ ಬ್ರೋಕ್ ಡೌನ್ ಟೂ ಕಿಲೋಮೀಟರ್ಸ್ ಶಾರ್ಟ್ ಆಫ್ ಅಂಕೋಲಾ’ ಎಂದರೆ ಅಂಕೋಲಾ ಮುಟ್ಟಲು ಇನ್ನು ಎರಡು ಕಿಲೋಮೀಟರ್ ಇರುವಾಗ ಕೆಟ್ಟಿತು. ಊರು ದಾಟಿದ ಮೇಲೆ ಅಲ್ಲ, ಊರಿಗಿಂತ ಈಚೆ. ‘ನಥಿಂಗ್ ಶಾರ್ಟ್ ಆಫ್ ಎ ಮಿರಕಲ್’ ಎಂದರೆ ಪವಾಡಕ್ಕೆ ಒಂದು ಕೂದಲೆಳೆಯೂ ಕಡಿಮೆಯಿಲ್ಲ, ಪವಾಡವೇ. ಇಲ್ಲಿ ನಥಿಂಗ್ ಇರುವುದರಿಂದ ಅರ್ಥ ತಿರುಗುಮುರುಗಾಗಿ ಓದುವವರಿದ್ದಾರೆ. ನಿಧಾನವಾಗಿ ಬಿಡಿಸಿ ಓದಿ.

ಶಾರ್ಟ್ ಆನ್ ಎಂಬುದು ಹೆಚ್ಚಾಗಿ ಗುಣಕ್ಕೆ: ‘ಶಾರ್ಟ್ ಆನ್ ಎಕ್ಸ್‌ಪೀರಿಯನ್ಸ್’, ಅನುಭವ ಸಾಲದು. ಶಾರ್ಟ್ ವಿತ್ ಬಂದರೆ ಸಿಡುಕು: ‘ಹಿ ವಾಸ್ ಶಾರ್ಟ್ ವಿತ್ ಮಿ’, ನನ್ನ ಜೊತೆ ಮೋಟು ಮಾತಾಡಿದ, ಒರಟಾಗಿ. ಇದಕ್ಕೂ ಎತ್ತರಕ್ಕೂ ಸಂಬಂಧವಿಲ್ಲ.

ಶಾರ್ಟ್ ಫಾರ್ ಮತ್ತು ಫಾರ್ ಶಾರ್ಟ್ ಇವನ್ನು ಬೇರೆಬೇರೆಯಾಗಿ ನೆನಪಿಡಬೇಕು. ಹೆಸರು ಮೊಟಕು ಮಾಡಿದಾಗ ಎರಡೂ ಬರುತ್ತವೆ, ದಿಕ್ಕು ಮಾತ್ರ ಬೇರೆ. ‘ಸುಬ್ಬು ಈಸ್ ಶಾರ್ಟ್ ಫಾರ್ ಸುಬ್ರಾಯ’: ಮೋಟು ರೂಪ ಮೊದಲು, ಪೂರ್ಣ ಹೆಸರು ಆಮೇಲೆ. ‘ಹಿಸ್ ನೇಮ್ ಈಸ್ ಸುಬ್ರಾಯ, ಸುಬ್ಬು ಫಾರ್ ಶಾರ್ಟ್’: ಪೂರ್ಣ ಹೆಸರು ಮೊದಲು. ಅದಲುಬದಲಾದರೆ ಸುಬ್ರಾಯ ಎಂಬುದು ಸುಬ್ಬುವಿನ ಮೊಟಕು ಎಂದಾಗುತ್ತದೆ.

ಹಂತ 4: ಶಾರ್ಟ್‌ಗಿಂತ ಮೊದಲು ನಿಲ್ಲುವ ಕ್ರಿಯಾಪದ

ರನ್, ಫಾಲ್, ಕಟ್, ಸ್ಟಾಪ್, ಗೋ. ಇವುಗಳ ಜೊತೆ ಶಾರ್ಟ್ ಹಾಗೆಯೇ ನಿಲ್ಲುತ್ತದೆ, ಶಾರ್ಟ್ಲಿ ಆಗುವುದಿಲ್ಲ. ಮದುವೆಮನೆಯಲ್ಲಿ ಅನ್ನ ಮುಗಿಯುತ್ತಾ ಬಂದರೆ ‘ವಿ ಆರ್ ರನ್ನಿಂಗ್ ಶಾರ್ಟ್ ಆಫ್ ರೈಸ್’. ಪೂರ್ತಿ ಮುಗಿದರೆ ‘ರನ್ ಔಟ್’. ಅಡುಗೆಯವನಿಗೆ ಮೊದಲನೆಯದನ್ನು ಹೇಳಿದರೆ ಇನ್ನೊಂದು ಪಾತ್ರೆ ಇಡಲು ಹೊತ್ತು ಸಿಗುತ್ತದೆ. ನಿರೀಕ್ಷೆ ಮುಟ್ಟದಿದ್ದರೆ ‘ಫಾಲ್ ಶಾರ್ಟ್’. ಏನೋ ಮಾಡಲು ಹೊರಟು ಕೊನೆಯ ಹೆಜ್ಜೆ ಇಡದೆ ನಿಂತರೆ ‘ಸ್ಟಾಪ್ ಶಾರ್ಟ್ ಆಫ್’. ತಾನು ಉಣ್ಣದೆ ಮಕ್ಕಳಿಗೆ ಬಡಿಸುವ ತಾಯಿ ‘ಗೋಸ್ ಶಾರ್ಟ್’.

ಕಟ್ ಶಾರ್ಟ್ ತಿಳಿಯಲು ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸಂಜೆ ಒಂದು ಗಂಟೆಯಲ್ಲಿ ಮುಗಿಯುವಂತೆಯೇ ಹೊಸದಾಗಿ ಬರೆದ ಏಕವ್ಯಕ್ತಿ ಪ್ರಸಂಗ ‘ಎ ಶಾರ್ಟ್ ಪರ್ಫಾರ್ಮೆನ್ಸ್’. ಇಡೀ ರಾತ್ರಿ ಆಡುವ ಪ್ರಸಂಗದ ಪದ್ಯ ಕಡಿಮೆ ಮಾಡಿ, ಒಡ್ಡೋಲಗ ಮೊಟಕುಗೊಳಿಸಿ ಮೂರು ಗಂಟೆಗೆ ಇಳಿಸಿದ ಕಾಲಮಿತಿ ಆಟ ‘ಎ ಶಾರ್ಟನ್ಡ್ ಪರ್ಫಾರ್ಮೆನ್ಸ್’. ರಾತ್ರಿ ಎರಡಕ್ಕೆ ಮಳೆ ಸುರಿದು ಚಪ್ಪರ ಸೋರಿ ಮಂಗಳ ಹಾಡಿದರೆ ‘ದ ಪರ್ಫಾರ್ಮೆನ್ಸ್ ವಾಸ್ ಕಟ್ ಶಾರ್ಟ್’. ಮೊದಲನೆಯದು ಹುಟ್ಟಿದ್ದೇ ಗಿಡ್ಡ, ಎರಡನೆಯದನ್ನು ಯೋಚಿಸಿ ಗಿಡ್ಡ ಮಾಡಿದ್ದು, ಮೂರನೆಯದು ನಡುವೆ ತುಂಡಾದದ್ದು. ಆಮಂತ್ರಣ ಪತ್ರಿಕೆಯ ಇಂಗ್ಲಿಷ್ ಭಾಗದಲ್ಲಿ ಕಾಲಮಿತಿ ಆಟಕ್ಕೆ ‘ಕಟ್ ಶಾರ್ಟ್’ ಎಂದು ಹಾಕಿಸಿದರೆ ಆಟಕ್ಕೆ ಮೊದಲೇ ವಿಘ್ನ ಬರೆದಂತೆ.

ಹಂತ 5: ಶಾರ್ಟ್ಲಿ, ಬ್ರೀಫ್ಲಿ, ಇನ್ ಶಾರ್ಟ್

ಕಾರವಾರ ನಿಲ್ದಾಣದಲ್ಲಿ ಗಾಡಿ ‘ವಿಲ್ ಅರೈವ್ ಶಾರ್ಟ್ಲಿ’ ಎಂದು ಕೇಳಿಸಿದರೆ ಅದರರ್ಥ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದಲ್ಲ, ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ ಎಂದು. ಶಾರ್ಟ್ಲಿ ಎಂದರೆ ‘ಬೇಗನೆ’. ‘ಸಂಕ್ಷಿಪ್ತವಾಗಿ’ ಎಂಬ ಅರ್ಥಕ್ಕೆ ಅದನ್ನು ಬಳಸುವುದು ನಮ್ಮ ಕಡೆಯ ಅತಿ ಹಳೆಯ ತಪ್ಪು. ‘ಐ ವಿಲ್ ಸ್ಪೀಕ್ ಶಾರ್ಟ್ಲಿ’ ಎಂದು ಸಭೆಯಲ್ಲಿ ಎದ್ದು ಹೇಳಿದರೆ ‘ಇನ್ನೇನು ಮಾತಾಡುತ್ತೇನೆ, ತಾಳಿ’ ಎಂದಾಗುತ್ತದೆ. ಇನ್ನೊಂದು ಅರ್ಥ ಅದಕ್ಕಿಂತ ಕೆಟ್ಟದ್ದು: ಯಾರಾದರೂ ‘ಶಾರ್ಟ್ಲಿ’ ಉತ್ತರಿಸಿದರು ಎಂದರೆ ಸಿಡುಕಿನಿಂದ ಎಂದು. ಬೇಕಾದದ್ದು ‘ಐ ವಿಲ್ ಬಿ ಬ್ರೀಫ್’ ಅಥವಾ ‘ಐ ವಿಲ್ ಸ್ಪೀಕ್ ಬ್ರೀಫ್ಲಿ’.

ಬ್ರೀಫ್ ಲ್ಯಾಟಿನ್ ಕಡೆಯಿಂದ ಬಂದದ್ದು, ಹೊತ್ತಿಗೂ ಮಾತಿಗೂ ಮಾತ್ರ ಸಲ್ಲುತ್ತದೆ. ಕುಳ್ಳನಿಗೆ, ಹಗ್ಗಕ್ಕೆ, ಚಿಲ್ಲರೆಗೆ ಬ್ರೀಫ್ ಎನ್ನುವಂತಿಲ್ಲ. ಬ್ರೀಫ್‌ನಲ್ಲಿ ಕೊರತೆಯ ನೆರಳೂ ಇಲ್ಲ. ‘ಎ ಶಾರ್ಟ್ ರಿಪ್ಲೈ’ ಎಂದರೆ ಇನ್ನಷ್ಟು ಬರೆಯಬಹುದಿತ್ತು ಎಂಬ ಅನುಮಾನ ಬರಬಹುದು, ‘ಎ ಬ್ರೀಫ್ ರಿಪ್ಲೈ’ ಎಂದರೆ ಅಳೆದು ತೂಗಿ ಬರೆದದ್ದು. ಕಚೇರಿ ಪತ್ರಕ್ಕೆ ಎರಡನೆಯದೇ ಒಳ್ಳೆಯದು.

ಇನ್ ಶಾರ್ಟ್ ಬರಬೇಕಾದದ್ದು ಎಲ್ಲ ಹೇಳಿ ಮುಗಿಸಿದ ಮೇಲೆ, ‘ಒಟ್ಟಿನಲ್ಲಿ’ ಎನ್ನುವ ಜಾಗದಲ್ಲಿ. ಪತ್ರದ ಮೊದಲ ಸಾಲಿಗೇ ಅದನ್ನು ಇಡಬೇಡಿ. ‘ಆನ್ಸರ್ ಇನ್ ಬ್ರೀಫ್’ ಎಂದರೆ ನಾಲ್ಕು ಮಾತಿನಲ್ಲಿ ಉತ್ತರಿಸಿ ಎಂದು. ‘ಶಾರ್ಟ್ ಆಂಡ್ ಸ್ವೀಟ್’ ಎಂಬುದಕ್ಕೆ ನಮ್ಮ ‘ಚಿಕ್ಕದಾಗಿ ಚೊಕ್ಕವಾಗಿ’ ಹೇಳಿ ಮಾಡಿಸಿದಂತಿದೆ.

ಹಂತ 6: ವೃತ್ತಿಗಳೊಳಗಿನ ಶಾರ್ಟ್

ಮಳೆಗಾಲದಲ್ಲಿ ಕರಾವಳಿಯ ಮನೆಗಳಲ್ಲಿ ಸ್ವಿಚ್ಚು ಬಿದ್ದರೆ ಎಲ್ಲದಕ್ಕೂ ‘ಶಾರ್ಟ್ ಆಯ್ತು’ ಎನ್ನುವುದು ರೂಢಿ. ನಿಜವಾದ ಶಾರ್ಟ್ ಸರ್ಕ್ಯೂಟಿನಲ್ಲಿ ಫೇಸ್ ತಂತಿ ನ್ಯೂಟ್ರಲ್ಲಿಗೆ ನೇರ ತಾಗುತ್ತದೆ. ಕರೆಂಟು ಬಲ್ಬು, ಫ್ಯಾನುಗಳ ಮೂಲಕ ಸುತ್ತಿ ಬರುವ ಬದಲು ಅಡ್ಡದಾರಿ ಹಿಡಿಯುತ್ತದೆ. ದಾರಿ ಮೋಟಾದ್ದರಿಂದ ಈ ಹೆಸರು. ತಡೆಯೇ ಇಲ್ಲದೆ ಪ್ರವಾಹ ವಿಪರೀತ ಏರಿ ಫ್ಯೂಸು ಕರಗುತ್ತದೆ ಇಲ್ಲವೇ ಎಂಸಿಬಿ (ತಾನೇ ಬೀಳುವ ರಕ್ಷಣೆಯ ಸ್ವಿಚ್ಚು) ಬೀಳುತ್ತದೆ. ಪಂಪು, ಗೀಸರು, ಮಿಕ್ಸರು ಒಟ್ಟಿಗೆ ಹಾಕಿ ಬಿದ್ದರೆ ಅದು ಓವರ್‌ಲೋಡ್. ತೇವ ಹಿಡಿದ ಗೋಡೆಯಿಂದ ನೆಲಕ್ಕೆ ಸೋರಿ ಬಿದ್ದರೆ ಲೀಕೇಜ್. ದೂರು ಬರೆಯುವಾಗ ಯಾವುದೆಂದು ಗೊತ್ತಿಲ್ಲದಿದ್ದರೆ ‘ದ ಬ್ರೇಕರ್ ಟ್ರಿಪ್ಡ್’ ಎಂದಷ್ಟೇ ಬರೆಯಿರಿ. ಗೊತ್ತಿದ್ದರೆ ‘ದೇರ್ ವಾಸ್ ಎ ಶಾರ್ಟ್ ಸರ್ಕ್ಯೂಟ್ ಇನ್ ದ ಮೀಟರ್ ಬೋರ್ಡ್’. ‘ಕರೆಂಟ್ ಬಿಕೇಮ್ ಶಾರ್ಟ್’ ಎಂದರೆ ಕರೆಂಟು ಕುಳ್ಳಗಾಯಿತು ಎಂದಂತೆ. ಮೈಗೆ ಹೊಡೆದದ್ದು ಶಾಕ್, ಶಾರ್ಟ್ ಅಲ್ಲ. ಈ ಎರಡನ್ನು ಬೆರೆಸಿದರೆ ಆಸ್ಪತ್ರೆಗೆ ಓಡಬೇಕಾದ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ನನ್ನು ಕರೆಯುವ ಗೊಂದಲವಾದೀತು.

ಕ್ರಿಕೆಟಿನಲ್ಲಿ ಒಂದೇ ಪದ ಎರಡು ದಿಕ್ಕಿಗೆ ಎಳೆಯುತ್ತದೆ. ಶಾರ್ಟ್ ಲೆಗ್ ಎಂದರೆ ಬ್ಯಾಟ್ಸ್‌ಮನ್ನಿಗೆ ಹತ್ತಿರ. ಶಾರ್ಟ್ ಬಾಲ್ ಎಂದರೆ ಬ್ಯಾಟ್ಸ್‌ಮನ್ನಿನಿಂದ ದೂರ, ಬೌಲರ್ ಕಡೆಗೆ ನೆಲ ಮುಟ್ಟಿದ್ದು. ಫೀಲ್ಡರಿನ ದೂರವನ್ನು ಬ್ಯಾಟಿನಿಂದ ಅಳೆಯುತ್ತಾರೆ, ಚೆಂಡಿನ ದೂರವನ್ನು ಬೌಲರಿನ ಕೈಯಿಂದ. ತಿರುಗಿ ಓಡುವಾಗ ಕ್ರೀಸಿನ ಗೆರೆಯಾಚೆ ಬ್ಯಾಟು ಮುಟ್ಟಿಸದಿದ್ದರೆ ಶಾರ್ಟ್ ರನ್, ಆ ಓಟ ಲೆಕ್ಕಕ್ಕಿಲ್ಲ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ, ಎಲ್ಲಿಂದ ಎಲ್ಲಿಗೆ.

ಅಡುಗೆಯ ಶಾರ್ಟ್ ಹಲವರಿಗೆ ಹೊಸದು. ಪಾಕವಿಧಾನದಲ್ಲಿ ‘ಶಾರ್ಟ್ ಡೋ’ ಎಂದಿದ್ದರೆ ಕಡಿಮೆ ಹಿಟ್ಟು ಎಂದಲ್ಲ, ಬಾಯಲ್ಲಿ ಪುಡಿಯಾಗುವ ಹಿಟ್ಟು ಎಂದು. ಶಂಕರಪೋಳಿಗೆ ಮೈದಾ ಹಿಟ್ಟಿಗೆ ನೀರು ಬೀಳುವ ಮೊದಲು ಕಾಯಿಸಿದ ತುಪ್ಪ ಹಾಕಿ ಬೆರಳಲ್ಲಿ ತಿಕ್ಕುತ್ತಾರಲ್ಲ, ಅದೇ ಕೆಲಸ. ಕಣಕಣಕ್ಕೂ ಜಿಡ್ಡು ಹತ್ತಿದರೆ ಆಮೇಲೆ ನೀರು ಸೇರಿದಾಗ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ನಿನ ಎಳೆಗಳು ಉದ್ದಕ್ಕೆ ಬೆಳೆಯುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಈ ಜಿಡ್ಡಿಗೇ ಶಾರ್ಟನಿಂಗ್ ಎನ್ನುತ್ತಾರೆ. ನೀರು ಮೊದಲು ಹಾಕಿದರೆ ಶಂಕರಪೋಳಿ ಚರ್ಮದಂತೆ ಎಳೆಯುತ್ತದೆ.

ಉಚ್ಚಾರಣೆ

ಕನ್ನಡದಲ್ಲಿ ‘ಶಾ’ ಎಂದು ಬಾಯಿ ಅಗಲಿಸಿ ಹೇಳುತ್ತೇವೆ. ಇಂಗ್ಲಿಷಿನ ಸ್ವರ ಆ ಮತ್ತು ಓ ನಡುವೆ ಇದೆ, ತುಟಿ ಸ್ವಲ್ಪ ದುಂಡಗೆ, ಸ್ವರ ದೀರ್ಘ. ಆ ಸ್ವರವನ್ನು ಹ್ರಸ್ವ ಮಾಡಿ ಬಾಯಿ ಕೊಂಚ ತೆರೆದರೆ ಗುಂಡು ಹಾರಿದ ಶಾಟ್ ಆಗುತ್ತದೆ. ಇಂಗ್ಲೆಂಡಿನ ಹೆಚ್ಚಿನವರು ರಕಾರ ನುಂಗುವುದರಿಂದ ಈ ಎರಡರ ವ್ಯತ್ಯಾಸ ಬಹುಮಟ್ಟಿಗೆ ಸ್ವರದಲ್ಲೇ ನಿಲ್ಲುತ್ತದೆ. ಶಕಾರ ಸಕಾರವಾದರೆ ಸಾರ್ಟ್, ಅಂದರೆ ಬಗೆ ಅಥವಾ ವಿಂಗಡಿಸು. ಅಡಿಕೆ ವಿಂಗಡಣೆಯ ಬಗ್ಗೆ ಫೋನಿನಲ್ಲಿ ಮಾತಾಡುವಾಗ ಇದು ನಿಜವಾಗಿಯೂ ತೊಂದರೆ ಕೊಡುತ್ತದೆ. ‘ಸಾರ್ಟೆಡ್’ ಮಾಲು ಎಂದರೆ ಆರಿಸಿದ್ದು, ‘ಶಾರ್ಟ್’ ಮಾಲು ಎಂದರೆ ಕಡಿಮೆ ಬಂದದ್ದು.

ಕೈ ಪಳಗಿಸಲು

ಮೊದಲು ಕನ್ನಡ ಓದಿ, ನಿಮ್ಮ ವಾಕ್ಯ ಬರೆದು, ಆಮೇಲೆ ಹೋಲಿಸಿ.

‘ಇವತ್ತು ಬ್ಯಾಂಕಿನಲ್ಲಿ ಆಳು ಕಮ್ಮಿ.’ ದ ಬ್ಯಾಂಕ್ ಈಸ್ ಶಾರ್ಟ್ ಸ್ಟಾಫ್ಡ್ ಟುಡೇ. ‘ಸ್ಟಾಫ್ ಈಸ್ ಶಾರ್ಟ್’ ಎಂದರೆ ಸಿಬ್ಬಂದಿ ಕುಳ್ಳರು ಎಂದಾದೀತು.

‘ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟ.’ ದ ಶಾಪ್‌ಕೀಪರ್ ಶಾರ್ಟ್‌ಚೇಂಜ್ಡ್ ಮಿ. ಇದರಲ್ಲಿ ಮೋಸದ ವಾಸನೆ ಇದೆ. ಮರೆತು ಕಡಿಮೆ ಕೊಟ್ಟಿದ್ದರೆ ‘ಮೈ ಚೇಂಜ್ ವಾಸ್ ಟೆನ್ ರುಪೀಸ್ ಶಾರ್ಟ್’ ಎನ್ನುವುದೇ ನ್ಯಾಯ.

‘ದೇವಿಮನೆ ಘಟ್ಟದ ಮೇಲೆ ಹೋದರೆ ಶಿರಸಿಯಿಂದ ಕುಮಟಾ ಹತ್ತಿರ.’ ದ ರೂಟ್ ವಯಾ ದೇವಿಮನೆ ಘಾಟ್ ಈಸ್ ಶಾರ್ಟರ್. ಅದು ಮುಖ್ಯ ರಸ್ತೆಯೇ ಆದ್ದರಿಂದ ‘ಶಾರ್ಟ್‌ಕಟ್’ ಬೇಡ. ಮುಖ್ಯ ದಾರಿ ಬಿಟ್ಟು ಹಿಡಿಯುವ ಒಳದಾರಿಗೆ ಮಾತ್ರ ಆ ಪದ.

‘ತಕ್ಷಣ ಹೇಳಿದರೂ ಬಂದರು.’ ದೇ ಕೇಮ್ ಅಟ್ ಶಾರ್ಟ್ ನೋಟಿಸ್. ಅಮೆರಿಕದವರು ಅಟ್ ಬದಲು ಆನ್ ಎನ್ನುತ್ತಾರೆ, ಎರಡೂ ಸರಿ.

‘ಅಜ್ಜನಿಗೆ ಏದುಸಿರು.’ ಗ್ರ್ಯಾಂಡ್‌ಫಾದರ್ ಈಸ್ ಶಾರ್ಟ್ ಆಫ್ ಬ್ರೆತ್. ‘ಶಾರ್ಟ್ ಬ್ರೆತ್’ ಎಂದರೆ ಉಸಿರು ಗಿಡ್ಡ ಎಂದಷ್ಟೇ. ಉಸಿರು ಸಾಲುತ್ತಿಲ್ಲ ಎಂದು ವೈದ್ಯರಿಗೆ ತಿಳಿಸಬೇಕಾದರೆ ನಡುವಿನ ಆಫ್ ಬಿಡಬೇಡಿ.